ಕೂಪರನ ಬೆನ್ನು ಹತ್ತಿದವರು

ಪತ್ತೇದಾರಿ ಕಾದಂಬರಿಯ ಕೊನೆಯ ಪುಟದಲ್ಲಿ ಕಳ್ಳ ಸಿಕ್ಕಿಬೀಳಲೇಬೇಕು. ಸಿಗದಿದ್ದರೆ ಲೈಬ್ರರಿಗೆ ಪುಸ್ತಕ ಹಿಂದಿರುಗಿಸುವಾಗ ಮೋಸಹೋದಂತೆ ಅನಿಸುತ್ತದೆ. ಆದರೆ ಕಳ್ಳ ಸಿಗಲಿಲ್ಲ ಎಂಬ ಕಾರಣಕ್ಕೇ ಐವತ್ತು ವರ್ಷಗಳಿಂದ ಪುಸ್ತಕದ ಮೇಲೆ ಪುಸ್ತಕ ಬರೆಸಿಕೊಳ್ಳುತ್ತಿರುವ ಪ್ರಕರಣವೊಂದಿದೆ: ಅಮೆರಿಕದ ಡಿ. ಬಿ. ಕೂಪರ್ ವಿಮಾನ ಅಪಹರಣ. ಅಕ್ಕನ ಮಗ ತಂದುಕೊಟ್ಟ ಜೆಫ್ರಿ ಗ್ರೇ ಅವರ ‘ಸ್ಕೈಜ್ಯಾಕ್’ ಪುಸ್ತಕವನ್ನು ಮೊದಲು ಓದಿದೆ. ಆಮೇಲೆ ನೆಟ್‌ಫ್ಲಿಕ್ಸ್‌ನಲ್ಲಿ 2022ರಲ್ಲಿ ಬಂದ ಸಾಕ್ಷ್ಯಚಿತ್ರದ ನಾಲ್ಕು ಕಂತುಗಳನ್ನೂ ನೋಡಿದೆ. ಎರಡೂ ಬೇಸರ ತರಿಸಲಿಲ್ಲ. ಆದರೂ ಒಂದು ತಕರಾರು ಉಳಿದುಕೊಂಡಿತು.

ನಡೆದದ್ದಿಷ್ಟು. 1971ರ ನವೆಂಬರ್ 24. ಡ್ಯಾನ್ ಕೂಪರ್ ಎಂದು ಹೆಸರು ಹೇಳಿ ಟಿಕೆಟ್ ಕೊಂಡವನೊಬ್ಬ ಪೋರ್ಟ್‌ಲೆಂಡ್‌ನಿಂದ ಸಿಯಾಟಲ್‌ಗೆ ಹೊರಟ ವಿಮಾನದಲ್ಲಿ ಕುಳಿತ. ‘ಡಿ. ಬಿ.’ ಎಂಬುದು ಪತ್ರಿಕೆಯವರ ಗೊಂದಲದಿಂದ ಅಂಟಿಕೊಂಡದ್ದು. ಅವನು ಗಗನಸಖಿ ಫ್ಲಾರೆನ್ಸ್ ಶಾಫ್ನರ್ ಕೈಗೆ ಒಂದು ಚೀಟಿ ಕೊಟ್ಟ. ಫೋನ್ ನಂಬರ್ ಇರಬೇಕೆಂದುಕೊಂಡ ಆಕೆ ಓದದೆಯೇ ಪರ್ಸಿನೊಳಗೆ ಹಾಕಿಕೊಂಡಳು. ಹೆಣ್ಣುಮಕ್ಕಳಾದ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ! ಚೀಟಿ ಓದು, ನನ್ನ ಹತ್ತಿರ ಬಾಂಬ್ ಇದೆ ಎಂದು ಅವನೇ ಹೇಳಬೇಕಾಯಿತು. ಎರಡು ಲಕ್ಷ ಡಾಲರ್, ನಾಲ್ಕು ಪ್ಯಾರಾಚೂಟ್ ಕೇಳಿ ಪಡೆದ. ಸಿಯಾಟಲ್‌ನಲ್ಲಿ 36 ಪ್ರಯಾಣಿಕರನ್ನು ಇಳಿಸಿ, ವಿಮಾನವನ್ನು ಮತ್ತೆ ಮೇಲೇರಿಸಿದ. ರಾತ್ರಿ ಎಂಟು ದಾಟಿದ ಮೇಲೆ ಹಿಂಬದಿಯ ಮೆಟ್ಟಿಲಿನಿಂದ ಕತ್ತಲೆಗೆ ಹಾರಿಬಿಟ್ಟ. ಮತ್ತೆ ಅವನನ್ನು ಕಂಡವರಿಲ್ಲ. 1980ರಲ್ಲಿ ಕೊಲಂಬಿಯಾ ನದಿಯ ದಂಡೆಯಲ್ಲಿ ಬಾಲಕನೊಬ್ಬನಿಗೆ 5,800 ಡಾಲರ್ ಸಿಕ್ಕಿತು. ನಂಬರ್ ತಾಳೆ ನೋಡಿದರೆ ಅದೇ ಹಣ. 2016ರಲ್ಲಿ ಎಫ್‌ಬಿಐ ತನಿಖೆಯನ್ನು ನಿಲ್ಲಿಸಿತು.

ಸರ್ಕಾರ ಕೈಬಿಟ್ಟರೂ ಹವ್ಯಾಸಿಗಳು ಬಿಡಲಿಲ್ಲ. ಗ್ರೇ ಅವರ ಪುಸ್ತಕದ ನಿಜವಾದ ಪಾತ್ರಗಳು ಇವರೇ. ಕೆಲಸ, ಸಂಸಾರ ಇರುವವರು ಕಾಡು ಸುತ್ತುತ್ತಾರೆ, ಹಳೆಯ ಕಡತ ಕೆದಕುತ್ತಾರೆ, ಒಬ್ಬರ ಮೇಲೊಬ್ಬರು ಮುನಿಸಿಕೊಳ್ಳುತ್ತಾರೆ. ಅವರ ಹಿಂದೆ ಹೋದ ಲೇಖಕರಿಗೂ ಆ ಹುಚ್ಚು ಹತ್ತುತ್ತದೆ. ಅದನ್ನವರು ಮುಚ್ಚಿಡದೆ ಬರೆದಿರುವುದು ಈ ಪುಸ್ತಕದ ದೊಡ್ಡ ಗುಣ. ಒಂದೇ ಹೆಸರಿಗೆ ಅಂಟಿಕೊಳ್ಳದೆ ಹಲವರ ಕಥೆ ಹೇಳುತ್ತಾರೆ. ಆದರೆ ಕಥೆಯಿಂದ ಕಥೆಗೆ ಎಷ್ಟು ಜಿಗಿಯುತ್ತಾರೆಂದರೆ, ಹಿಂದಿನ ಪುಟ ತಿರುವಿ ಇವನು ಯಾರೆಂದು ನೋಡಿಕೊಳ್ಳುವುದೇ ನನ್ನ ಕೆಲಸವಾಯಿತು.

ಸಾಕ್ಷ್ಯಚಿತ್ರದ ಹುಡುಕಾಟಗಾರರ ರೀತಿ ಬೇರೆ. ಅವರ ಬಳಿ ಒಂದು ಹೆಸರು ಮೊದಲೇ ಸಿದ್ಧವಿದೆ. ಉಳಿದದ್ದೆಲ್ಲ ಅದಕ್ಕೆ ಹೊಂದಿಕೊಳ್ಳಬೇಕು. ನಮ್ಮ ತರಗತಿಗಳಲ್ಲಿ ಪುಸ್ತಕದ ಹಿಂಬದಿಯ ಉತ್ತರ ನೋಡಿಕೊಂಡು, ನಡುವಿನ ಹಂತಗಳನ್ನು ಹೇಗೋ ತುಂಬಿಸುವ ಹುಡುಗರಿರುತ್ತಾರೆ. ಉತ್ತರ ಸರಿಯಿದ್ದರೂ ನಾನು ಪೂರ್ತಿ ಅಂಕ ಕೊಡುವುದಿಲ್ಲ. ಇಲ್ಲಿ ಉತ್ತರವೇ ಸರಿಯೆಂದು ಹೇಳುವವರಿಲ್ಲ. ಆ ಹೆಸರಿನ ಮನುಷ್ಯನಿಗೂ ಮನೆಮಂದಿ ಇರುತ್ತಾರೆ ಎಂಬುದನ್ನು ಕ್ಯಾಮರಾ ಮರೆಯುತ್ತದೆ.

ಹವ್ಯಾಸಿಗಳೆಂದರೆ ಹೀಗೇ ಎಂದು ತಳ್ಳಿಹಾಕುವಂತೆಯೂ ಇಲ್ಲ. ಟಾಮ್ ಕೇ ಎಂಬವರ ತಂಡ ಹೆಸರಿನ ಗೊಡವೆ ಬಿಟ್ಟು ವಸ್ತುಗಳನ್ನು ನೋಡಿತು. ನದಿ ದಂಡೆಯ ನೋಟುಗಳಲ್ಲಿ ಸೇರಿಕೊಂಡಿದ್ದ ಡಯಾಟಮ್‌ಗಳನ್ನು, ಅಂದರೆ ನೀರಿನ ಸೂಕ್ಷ್ಮ ಪಾಚಿಗಳನ್ನು ಪರೀಕ್ಷಿಸಿತು. ಅವು ನವೆಂಬರ್ ತಿಂಗಳಿಗೆ ಸೇರಿದವಲ್ಲ, ವಸಂತ–ಬೇಸಿಗೆಯ ನೀರಿನವು ಎಂದು 2020ರಲ್ಲಿ ಪ್ರಕಟಿಸಿತು. ಹಾಗಿದ್ದರೆ ಆ ಹಣ ಅವನು ಹಾರಿದ ರಾತ್ರಿಯೇ ನದಿಗೆ ಬಿದ್ದದ್ದಲ್ಲ. ಎಷ್ಟು ಚಿಕ್ಕ ಉತ್ತರ, ಎಷ್ಟು ಗಟ್ಟಿ! ಇದೇ ತಂಡಕ್ಕೆ ಅವನು ಬಿಟ್ಟುಹೋದ ಟೈನಲ್ಲಿ ಟೈಟಾನಿಯಂ ಕಣಗಳೂ ಸಿಕ್ಕಿದ್ದವು. ಅದು ಹೊರಬಿದ್ದದ್ದೇ ತಡ, ಆ ಲೋಹದ ಕಾರ್ಖಾನೆಗಳಲ್ಲಿ ದುಡಿದವರ ಹೆಸರುಗಳನ್ನು ಹುಡುಕಲು ಜನ ಹೊರಟರು. ಅದು ಬೇರೆಯವರು ಕಟ್ಟಿಕೊಂಡ ಹಳೆಯ ಟೈ ಇರಬಾರದೇ?

ನನ್ನ ತಕರಾರು ಇಲ್ಲಿದೆ. ಅವನನ್ನು ಅತಿ ಹತ್ತಿರದಿಂದ ಕಂಡವಳು ಟೀನಾ ಮಕ್ಲೋ, ಆಗ 22ರ ಹುಡುಗಿ. ಸುಮಾರು ಐದು ಗಂಟೆ ಬಾಂಬಿನ ಪೆಟ್ಟಿಗೆಯ ಪಕ್ಕ ಕುಳಿತಿದ್ದಳು. ಕೆಳಗಿಳಿದು ಹಣದ ಚೀಲ ತಂದುಕೊಟ್ಟಳು. ಉಳಿದವರು ಇಳಿದುಹೋದರೂ ತಾನು ಒಳಗೇ ಉಳಿದಳು. ಹಾರುತ್ತಿರುವಾಗ ಆ ಮೆಟ್ಟಿಲು ತೆರೆದರೆ ಗಾಳಿ ತನ್ನನ್ನೇ ಸೆಳೆದೊಯ್ಯುತ್ತದೆಂದು ಹೆದರಿದ್ದಳು. ಹಾರಿದವನ ಧೈರ್ಯವನ್ನು ಹೊಗಳುವ ಅಂಗಿಗಳು ಬಂದವು, ಹಾಡು ಬಂತು, 1981ರಲ್ಲಿ ಸಿನಿಮಾ ಬಂತು. ಏರಿಯಲ್ ಎಂಬ ಊರಿನಲ್ಲಿ ಅವನ ಹೆಸರಿನಲ್ಲಿ ವರ್ಷವರ್ಷ ಸಂತೋಷಕೂಟ ನಡೆಯುತ್ತಿತ್ತು. ವರ್ಷಗಟ್ಟಲೆ ಅವನನ್ನು ಹುಡುಕಿದ ಎಫ್‌ಬಿಐ ಅಧಿಕಾರಿ ರಾಲ್ಫ್ ಹಿಮ್ಮೆಲ್ಸ್‌ಬಾಕ್ ಅವರಿಗೆ ಇದನ್ನು ಕಂಡರೆ ಸಿಟ್ಟು. ಅವನೊಬ್ಬ ನೀಚ ಕಳ್ಳ ಅಷ್ಟೇ ಎಂದು ಅವರು ಹೇಳುತ್ತಿದ್ದರು. ನನ್ನ ಮತ ಅವರ ಕಡೆಗೆ.

ಟೀನಾ ಮುಂದೆ ಸನ್ಯಾಸಿನಿಯಾಗಿ ಕೆಲವು ವರ್ಷ ಕಾನ್ವೆಂಟಿನಲ್ಲಿದ್ದಳು. ಹವ್ಯಾಸಿಗಳಿಗೆ ಅದೂ ಒಂದು ಸುಳಿವು! ಏನನ್ನೋ ಬಚ್ಚಿಟ್ಟಿದ್ದಾಳೆ, ಹೆದರಿದ್ದಾಳೆ ಎಂದೆಲ್ಲ ಬರೆದರು. ಹೆಣ್ಣೊಬ್ಬಳು ಸುಮ್ಮನಿದ್ದರೆ ಅದರ ಹಿಂದೆ ಗಂಡಸೊಬ್ಬನ ಕಥೆಯೇ ಇರಬೇಕೆ? 2021ರಲ್ಲಿ ‘ರೋಲಿಂಗ್ ಸ್ಟೋನ್’ ಪತ್ರಿಕೆಯೊಂದಿಗೆ ಆಕೆ ವಿಸ್ತಾರವಾಗಿ ಮಾತನಾಡಿದ್ದಾರೆ. ‘ಸ್ಕೈಜ್ಯಾಕ್’ ನಿಮ್ಮ ಕೈಗೆ ಸಿಕ್ಕಿದರೆ ಖಂಡಿತ ಓದಿ, ಆದರೆ ಆ ಸಂದರ್ಶನವನ್ನು ಮೊದಲು ಓದಿ.