ಯಾರು ಮೇಲು?

ಚಂದ್ರಶೇಖರ್ ಹೆಚ್ಚೋ, ಕುಂಬ್ಳೆ ಹೆಚ್ಚೋ? ನಮ್ಮ ಸುದ್ದಗುಂಟೆಪಾಳ್ಯದ ಗಂಡಸರಿಗೆ ಇದು ಮುಗಿಯದ ಜಗಳ. ಒಂದೇ ಕಾಲದಲ್ಲಿ ಆಡದವರನ್ನು ಎದುರುಬದುರು ನಿಲ್ಲಿಸುವ ಈ ಚಪಲ ಒಮ್ಮೆ ಸಿನಿಮಾ ಕೂಡ ಆಗಿತ್ತು. ಸೋಲನ್ನೇ ಕಾಣದೆ 1956ರಲ್ಲಿ ನಿವೃತ್ತನಾದ ಹೆವಿವೇಯ್ಟ್ ಬಾಕ್ಸರ್ ರಾಕಿ ಮಾರ್ಸಿಯಾನೊ, 1969ರಲ್ಲಿ ವಿಗ್ ಹಾಕಿಕೊಂಡು ಮಹಮದ್ ಅಲಿಯ ಜೊತೆ ಕ್ಯಾಮೆರಾ ಮುಂದೆ ಗುದ್ದಾಡಿದ. ತೀರ್ಪು ಕಂಪ್ಯೂಟರಿನದಂತೆ! 1970ರಲ್ಲಿ ಅಮೆರಿಕದ ಪರದೆಯ ಮೇಲೆ ಗೆದ್ದವನು ಮಾರ್ಸಿಯಾನೊ. ಯುರೋಪಿನಲ್ಲಿ ತೋರಿಸಿದ ಪ್ರತಿಯಲ್ಲಿ ಅಲಿ. ಯಂತ್ರವೂ ಮುಖ ನೋಡಿ ಮಣೆ ಹಾಕಿತು.

ಇಂಥ ಪಂದ್ಯ ನಮಗೇನು ಹೊಸದೇ? “ನಮ್ಮ ಕಾಲದಲ್ಲಿ ಒರಳಲ್ಲೇ ರುಬ್ಬುತ್ತಿದ್ದೆವು” ಎಂದು ಅತ್ತೆಯವರು ಅಂದರೆ ಸಾಕು, ಮಿಕ್ಸಿ ಹಾಕಿ ಬಸ್ಸಿಗೆ ಓಡುವ ಸೊಸೆ ಆಡದೆಯೇ ಸೋತಳು.

ಬೆಂಗಳೂರಿನ ಶಾಂತಾ ರಂಗಸ್ವಾಮಿ 1977ರಲ್ಲಿ ನ್ಯೂಜಿಲೆಂಡಿನ ಎದುರು 108 ರನ್ ಹೊಡೆದರು. ಭಾರತದ ಹೆಣ್ಣುಮಗಳೊಬ್ಬಳ ಮೊದಲ ಟೆಸ್ಟ್ ಶತಕ ಅದು. ಅದೇ ನ್ಯೂಜಿಲೆಂಡಿನ ಮೇಲೆ ಕಡೂರಿನ ವೇದಾ ಕೃಷ್ಣಮೂರ್ತಿ 2017ರ ವಿಶ್ವಕಪ್ಪಿನಲ್ಲಿ 45 ಎಸೆತಕ್ಕೆ 70 ಬಾರಿಸಿದರು. ಇವರಿಬ್ಬರಲ್ಲಿ ಯಾರು ಮೇಲೆಂದು ಜಗಳವಾಡಿದವರನ್ನು ನಾನು ಕಂಡಿಲ್ಲ. ಆಡುವುದಾದರೆ ಒಂದು ಮಾತು: ಶಾಂತಾ ಅವರ ಕಾಲದ ಹುಡುಗಿಯರು ಮೀಸಲಿಲ್ಲದ ರೈಲುಡಬ್ಬಿಯಲ್ಲಿ ಪಂದ್ಯಕ್ಕೆ ಹೋಗುತ್ತಿದ್ದರು. ಅಂಕ ಕೊಡುವಾಗ ಆ ಪ್ರಯಾಣವನ್ನೂ ಲೆಕ್ಕಕ್ಕೆ ಹಿಡಿಯಬೇಕು.