ನುಡಿಗಟ್ಟೂ ಪಟ್ಟಿಯೂ

ಇಂಗ್ಲಿಷ್ ಕಲಿಸುವ ಕೈಪಿಡಿಗಳಲ್ಲಿ ನುಡಿಗಟ್ಟುಗಳಿಗೆಂದೇ ಒಂದು ಅಧ್ಯಾಯ ಮೀಸಲು. ಎಡಕ್ಕೆ ನುಡಿಗಟ್ಟು, ಬಲಕ್ಕೆ ಅರ್ಥ. ವಿದ್ಯಾರ್ಥಿ ಇದನ್ನು ಮಗ್ಗಿಯಂತೆ ಬಾಯಿಪಾಠ ಮಾಡುತ್ತಾನೆ. ನನ್ನ ತರಗತಿಯ ಹುಡುಗನೊಬ್ಬ ರಜೆ ಕೇಳಿ ಬರೆದ ಇಂಗ್ಲಿಷ್ ಪತ್ರದಲ್ಲಿ ತನ್ನ ತಾತ 'ಕಿಕ್ಡ್ ದ ಬಕೆಟ್' ಎಂದು ಬರೆದಿದ್ದ. ಅವನ ಪುಸ್ತಕ ಅದಕ್ಕೆ 'ಸಾಯು' ಎಂಬ ಅರ್ಥವನ್ನೇ ಕೊಟ್ಟಿತ್ತು, ಅರ್ಥವೇನೋ ಸರಿ. ಆದರೆ ಆ ಮಾತಿನ ಧಾಟಿ ನಮ್ಮ 'ಗೊಟಕ್ಕೆಂದ' ಎಂಬುದರದು. ದುಃಖದಲ್ಲಿದ್ದ ಹುಡುಗ ತನಗರಿವಿಲ್ಲದೆಯೇ ತಾತನನ್ನು ಹಾಸ್ಯಮಾಡಿದ್ದ. ಈ ಅಪಚಾರಕ್ಕೆ ಪಟ್ಟಿಯೇ ಹೊಣೆ.

ಕ್ರಿಯಾಪದಕ್ಕೆ ಅಪ್, ಆಫ್, ಔಟ್ ಮುಂತಾದ ಕಿರುಪದಗಳು ಸೇರಿ ಆಗುವ ಕೂಡುನುಡಿಗಳ ತೊಡಕು ಇಂದಿನದಲ್ಲ. 1755ರಲ್ಲಿ ತನ್ನ ನಿಘಂಟನ್ನು ಹೊರತಂದ ಸ್ಯಾಮ್ಯುಯೆಲ್ ಜಾನ್ಸನ್, ಪರದೇಶೀಯರನ್ನು ಬಹಳವಾಗಿ ಕಾಡುವುವು ಇವೇ ಎಂದು ಮುನ್ನುಡಿಯಲ್ಲಿಯೇ ಒಪ್ಪಿಕೊಂಡಿದ್ದಾನೆ. 'ಗಿವ್ ಅಪ್' ಎನ್ನುವಲ್ಲಿ ಕೊಡುವುದೂ ಇಲ್ಲ, ಮೇಲೇರುವುದೂ ಇಲ್ಲ.

ಕೈಪಿಡಿಗಳು ಇಂಥವನ್ನು ಲ್ಯಾಟಿನ್ ಮೂಲದ ಒಂಟಿಪದದಿಂದ ಬಿಡಿಸುತ್ತವೆ: 'ಪುಟ್ ಆಫ್' ಎಂದರೆ 'ಪೋಸ್ಟ್‌ಪೋನ್', 'ಪುಟ್ ಅಪ್ ವಿತ್' ಎಂದರೆ 'ಟಾಲರೇಟ್'. ಇದರ ಕೊರತೆ ಕನ್ನಡಿಗನಿಗೆ ಥಟ್ಟನೆ ಹೊಳೆಯಬೇಕು. ನಮ್ಮಲ್ಲಿಯೂ 'ತ್ಯಜಿಸು' ಉಂಟು, 'ಬಿಟ್ಟುಬಿಡು' ಉಂಟು. 'ಸಹಿಸು' ಉಂಟು, 'ತಾಳಿಕೊ' ಉಂಟು. 'ನಮ್ಮಣ್ಣ ಬೀಡಿಯನ್ನು ತ್ಯಜಿಸಿದ' ಎಂದರೆ ವ್ಯಾಕರಣ ಸರಿಯೇ. ಕೇಳಿದವರು ಮಾತ್ರ ನಗುತ್ತಾರೆ. ಸಂಸ್ಕೃತಕ್ಕೂ ಅಚ್ಚಗನ್ನಡಕ್ಕೂ ಇರುವ ಈ ಅಂತರವನ್ನು ಬಲ್ಲ ಹುಡುಗನಿಗೆ ಇಂಗ್ಲಿಷಿನ ಎರಡು ಪದರಗಳನ್ನು ಅದರ ಮೂಲಕವೇ ತೋರಿಸಬಹುದಲ್ಲವೆ? 'ಕೈಕೊಡು' ಎಂದರೆ ಮೋಸ, 'ಕೈಹಿಡಿ' ಎಂದರೆ ಆಸರೆ ಎಂಬುದನ್ನು ಅವನು ಯಾವ ಪಟ್ಟಿಯಿಂದ ಕಲಿತ? ಜಗಲಿಯ ಹರಟೆಯಲ್ಲಿ, ಮನೆಯ ಜಗಳದಲ್ಲಿ ಕಲಿತ.

ಪಟ್ಟಿ ಹೇಳದೆ ಬಿಡುವ ಸಂಗತಿ ಇನ್ನೊಂದಿದೆ. 'ಪುಟ್ ಇಟ್ ಆಫ್' ಸರಿ, 'ಪುಟ್ ಆಫ್ ಇಟ್' ತಪ್ಪು. 'ಲುಕ್ ಆಫ್ಟರ್ ಇಟ್' ಸರಿ, 'ಲುಕ್ ಇಟ್ ಆಫ್ಟರ್' ತಪ್ಪು. ಪದಗಳ ಈ ನೆಲೆ ತಿಳಿಯುವುದು ವಾಕ್ಯದಲ್ಲಿ ಮಾತ್ರ.

ಪಟ್ಟಿಯೇ ಬೇಡವೆಂದು ನನ್ನ ವಾದವಲ್ಲ. ನೆನಪಿಗೆ ಅದೊಂದು ಊರುಗೋಲು. ಆದರೆ ಅರ್ಥದ ಜೊತೆಗೆ ಒಂದು ಇಡೀ ವಾಕ್ಯವನ್ನೂ, ಅದು ಯಾರು ಯಾರಿಗೆ ಯಾವ ಹೊತ್ತಿನಲ್ಲಿ ಆಡುವ ಮಾತು ಎಂಬ ಸೂಚನೆಯನ್ನೂ ಕೊಡದ ಕೈಪಿಡಿ, ಎಷ್ಟೇ ದಪ್ಪವಾಗಿದ್ದರೂ, ಅಪೂರ್ಣವೇ. ದಿನಕ್ಕೆ ಹತ್ತು ನುಡಿಗಟ್ಟು ಉರುಹೊಡೆಯುವುದಕ್ಕಿಂತ ಒಂದು ಕತೆಯನ್ನೋದಿ, ಅಲ್ಲಿ ಸಿಕ್ಕ ಮೂರನ್ನು ವಾಕ್ಯಸಹಿತ ಬರೆದಿಟ್ಟುಕೊಳ್ಳುವುದು ಮೇಲು.

ಆ ಹುಡುಗನ ಪತ್ರದಲ್ಲಿ ಬಕೆಟ್ಟನ್ನು ಹೊಡೆದುಹಾಕಿ, ಮೇಲೆ 'ಡೈಡ್' ಎಂದು ಬರೆದುಕೊಟ್ಟೆ. ಅಷ್ಟೇ ಸಾಕಾಗಿತ್ತು.