ಮಾತಿಲ್ಲದ ಪ್ರೇಮಕಥೆ: ನೋಡುವುದು ಹೇಗೆ?

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆ ನಾವು ಆಟ ನೋಡಲು ಕಲಿತದ್ದು ಕಿವಿಯಿಂದ. ಬೈಲಹೊಂಗಲದ ಕಥೆಯೆಂದೇ ಹೆಸರಾದ ‘ಸಂಗ್ಯಾ ಬಾಳ್ಯಾ’ ಸಣ್ಣಾಟದಲ್ಲಿ ಪ್ರೀತಿ, ಮೋಸ, ಕೊಲೆ ಎಲ್ಲವೂ ಹಾಡು, ಮಾತಿನಲ್ಲೇ ಬಿಚ್ಚಿಕೊಳ್ಳುತ್ತವೆ. ಹೀಗೆ ಬೆಳೆದವರಿಗೆ ಮೂಕಿ ಚಿತ್ರ ಮೊದಲು ಸಪ್ಪೆ ಅನ್ನಿಸೀತು. ಕಣ್ಣಿಗೆ ತುಸು ರೂಢಿಯಾದರೆ ರುಚಿ ಹತ್ತುತ್ತದೆ.

ನಮ್ಮದರಿಂದ ಶುರು ಮಾಡಿ. ಶೃಂಗಾರ್ ನಾಗರಾಜ್ ನಿರ್ಮಿಸಿ, ಸಿಂಗೀತಂ ಶ್ರೀನಿವಾಸರಾವ್ ನಿರ್ದೇಶಿಸಿದ ‘ಪುಷ್ಪಕ ವಿಮಾನ’ 1987ರದು. ಚಿತ್ರೀಕರಣ ನಡೆದದ್ದು ಬೆಂಗಳೂರಿನಲ್ಲಿ. ಕಮಲ್ ಹಾಸನ್, ಅಮಲಾ ಒಂದೂ ಮಾತಾಡದೆ ಪ್ರೀತಿಸುತ್ತಾರೆ. ಮೂಕಿ ಯುಗ ಮುಗಿದು ಅರ್ಧ ಶತಮಾನ ಕಳೆದ ಮೇಲೂ ಆ ಕಲೆ ಜೀವಂತವಿತ್ತು ಎನ್ನುವುದಕ್ಕೆ ಇದೇ ಸಾಕ್ಷಿ.

ಸದ್ದಿನ ಮೇಲೆ ಗಮನವಿರಲಿ. ಟಾಕೀಸಿನ ಪಕ್ಕದ ಗದ್ದಲದ ಕೋಣೆಯಲ್ಲಿದ್ದ ನಿರುದ್ಯೋಗಿ ನಾಯಕ ಪಂಚತಾರಾ ಹೋಟೆಲು ಸೇರುತ್ತಾನೆ. ಅಲ್ಲಿನ ನಿಶ್ಶಬ್ದಕ್ಕೆ ನಿದ್ದೆ ಹತ್ತುವುದಿಲ್ಲ. ಹಳೆಯ ಗದ್ದಲವನ್ನು ಕ್ಯಾಸೆಟ್ಟಿನಲ್ಲಿ ತುಂಬಿಕೊಂಡು ಬಂದು ಹಚ್ಚಿದ ಮೇಲೆಯೇ ಕಣ್ಣು ಮುಚ್ಚುತ್ತಾನೆ. ನಗು ಬರುತ್ತದೆ, ಅವನ ಬಡತನವೂ ತಿಳಿಯುತ್ತದೆ.

ಆಮೇಲೆ ಚಾಪ್ಲಿನ್. 1931ರ ಹೊತ್ತಿಗೆ ಟಾಕಿ ಬಂದಾಗಿತ್ತು. ಆದರೂ ಚಾಪ್ಲಿನ್ ‘ಸಿಟಿ ಲೈಟ್ಸ್’ ಚಿತ್ರವನ್ನು ಮಾತಿಲ್ಲದೆಯೇ ಮಾಡಿದರು. ಅದರಲ್ಲಿ ಅಲೆಮಾರಿಯೊಬ್ಬ ನಿಂತ ಕಾರಿನ ಒಂದು ಬಾಗಿಲಿನಿಂದ ಹೊಕ್ಕು ಇನ್ನೊಂದರಿಂದ ಇಳಿಯುತ್ತಾನೆ. ಬಾಗಿಲು ಹಾಕಿದ ಸಪ್ಪಳಕ್ಕೆ ಹೂ ಮಾರುವ ಕುರುಡಿ ಹುಡುಗಿ ಯಾರೋ ಸಾಹುಕಾರನೆಂದು ತಿಳಿದು ಹೂ ಚಾಚುತ್ತಾಳೆ. ಆ ಒಂದು ತಪ್ಪು ತಿಳುವಳಿಕೆಯ ಮೇಲೆಯೇ ಇಡೀ ಕಥೆ ನಿಂತಿದೆ.

ಕೈಗಳನ್ನು ನೋಡಿ. ಈ ಚಿತ್ರಗಳಲ್ಲಿ ಪ್ರೀತಿ ನಡೆಯುವುದು ಕೈಗಳಲ್ಲಿ, ಕೈಯಲ್ಲಿನ ವಸ್ತುಗಳಲ್ಲಿ. ಕಣ್ಣು ಬಂದ ಹುಡುಗಿ ಹರಕು ಬಟ್ಟೆಯವನ ಕೈಗೆ ನಾಣ್ಯ ಇಡುವಾಗ ಅವಳ ಬೆರಳುಗಳೇ ಅವನ ಗುರುತು ಹಿಡಿಯುತ್ತವೆ. ‘ಪುಷ್ಪಕ ವಿಮಾನ’ದಲ್ಲಿ ಅಮಲಾ ಗುಲಾಬಿಯ ಜೊತೆ ಕೊಟ್ಟ ವಿಳಾಸದ ಚೀಟಿ ಗಾಳಿಗೆ ಹಾರಿ ಗಟಾರ ಸೇರುತ್ತದೆ, ಅವನ ಕೈಯಲ್ಲಿ ಹೂವಷ್ಟೇ ಉಳಿಯುತ್ತದೆ. ಎರಡೂ ಕಡೆ ನಗುತ್ತ ನಗುತ್ತಲೇ ಗಂಟಲು ಕಟ್ಟುತ್ತದೆ. ಈ ಪ್ರಕಾರದ ದೊಡ್ಡ ಗುಣ ಇದೇ.

ಕೂಡಿ ನೋಡಿ. ಮೊಬೈಲ್ ನೋಡುತ್ತ ಕೂತರೆ ಕಥೆ ತಪ್ಪಿತು. ಇಲ್ಲಿ ಕಿವಿಯಿಂದ ಹಿಂಬಾಲಿಸುವ ಸೌಲಭ್ಯವಿಲ್ಲ. ನಡುವೆ ಬರುವ ಇಂಗ್ಲಿಷ್ ಬರಹವನ್ನು ಯಾರಾದರೂ ಕನ್ನಡದಲ್ಲಿ ಹೇಳಿದರಾಯಿತು. ಓದು ಬಾರದ ಅಜ್ಜಿಯನ್ನೂ ಶಾಲೆಗೆ ಹೋಗದ ಮಗುವನ್ನೂ ಜೊತೆಗೆ ಕೂಡಿಸಿಕೊಳ್ಳಿ. ಅವರಿಗೂ ನಿಮ್ಮಷ್ಟೇ ಅರ್ಥವಾಗುತ್ತದೆ.